ಹಾರ್ಡ್ ಡಿಸ್ಕ್ ನಿಧಾನ, ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್: ದೋಷ ಎಲ್ಲಿದೆಯೆಂದು ಮನೆಯಲ್ಲೇ ಪತ್ತೆ ಹಚ್ಚುವ ಕ್ರಮ

ಈ ಎರಡು ತೊಂದರೆ ಒಟ್ಟಿಗೆ ಬಂದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಒಂದೇ: ಯಾರನ್ನಾದರೂ ಕರೆಸಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸುವುದು. ಡಿಸ್ಕ್ ಕೆಡುತ್ತಾ ಬಂದಿದ್ದರೆ ಅದಕ್ಕಿಂತ ಕೆಟ್ಟ ಹೆಜ್ಜೆ ಇಲ್ಲ. ಇರುವ ಫೋಟೊ, ದಾಖಲೆಗಳ ಮೇಲೆ ಹೊಸದು ಬರೆದುಹೋಗುತ್ತದೆ, ಕುಂಟುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಕೆಲಸ ಹೇರಿದಂತಾಗುತ್ತದೆ. ಮೂಲ ದೋಷ ಎಸ್‌ಎಂಪಿಎಸ್‌ನಲ್ಲೋ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಗೋಡೆಯ ಸಾಕೆಟ್‌ನಲ್ಲೋ ಇದ್ದರೆ ಫಾರ್ಮ್ಯಾಟ್ ಆದ ವಾರದೊಳಗೆ ಅದೇ ತೊಂದರೆ ಮರಳಿ ಬರುತ್ತದೆ. ಹಾಗಾಗಿ ಮೊದಲು ಡೇಟಾ ಉಳಿಸಿಕೊಳ್ಳಬೇಕು, ಆಮೇಲೆ ಎರಡು ಲಕ್ಷಣಗಳನ್ನು ಬೇರೆಬೇರೆಯಾಗಿ ನೋಡಬೇಕು, ಕೊನೆಗೆ ಎರಡಕ್ಕೂ ಮೂಲ ಒಂದೇ ಇದೆಯೇ ಎಂದು ಪರೀಕ್ಷಿಸಬೇಕು.

ಇಲ್ಲಿರುವ ಕ್ರಮ ವಿಂಡೋಸ್ 10 ಅಥವಾ 11 ಇರುವ, ಸಾಟಾ (ಮದರ್‌ಬೋರ್ಡ್‌ಗೆ ಡಿಸ್ಕ್ ಜೋಡಿಸುವ ಸಾಮಾನ್ಯ ಬಗೆ) ಹಾರ್ಡ್ ಡಿಸ್ಕಿನ ಡೆಸ್ಕ್‌ಟಾಪ್‌ಗೆ ಸಂಬಂಧಿಸಿದ್ದು. ಡಿಸ್ಕಿನ ಭಾಗ ಲ್ಯಾಪ್‌ಟಾಪ್‌ಗೂ ಹಾಗೆಯೇ ಹೊಂದುತ್ತದೆ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ಸ್ಕ್ರೂಡ್ರೈವರ್ ಆಮೇಲೆ, ಹೊಸ ಬಿಡಿಭಾಗ ಕಟ್ಟಕಡೆಗೆ.

ಏನನ್ನೂ ಮುಟ್ಟುವ ಮೊದಲು

ಎಷ್ಟೇ ನಿಧಾನವಾಗಿದ್ದರೂ ವಿಂಡೋಸ್ ತೆರೆದುಕೊಳ್ಳುತ್ತಿದೆ ಎಂದರೆ ಡೇಟಾ ತೆಗೆಯಲು ಅದೇ ಸಮಯ. ಬೇರೊಂದು ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹಾಕಿಟ್ಟರೆ ಅದು ಬ್ಯಾಕಪ್ ಆಗುವುದಿಲ್ಲ. ಹೆಚ್ಚಿನ ಮನೆಗಳ ಕಂಪ್ಯೂಟರ್‌ಗಳಲ್ಲಿ ಸಿ, ಡಿ, ಇ ಎಲ್ಲವೂ ಒಂದೇ ಡಿಸ್ಕಿನ ಭಾಗಗಳು; ಡಿಸ್ಕ್ ಹೋದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಮತ್ತೆ ಸಿಗದಂಥದ್ದನ್ನು ಮೊದಲು ತೆಗೆಯಿರಿ: ಮನೆಯವರ ಫೋಟೊಗಳು, ಅಂಕಪಟ್ಟಿ, ಖಾತಾ ಮತ್ತು ಕ್ರಯಪತ್ರದ ಸ್ಕ್ಯಾನ್‌ಗಳು, ಟ್ಯಾಲಿ ಡೇಟಾ, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು. ಡೌನ್‌ಲೋಡ್ ಮಾಡಿದ ಸಿನಿಮಾ, ಸಾಫ್ಟ್‌ವೇರ್ ಇತ್ಯಾದಿ ಹೋದರೂ ಪರವಾಗಿಲ್ಲ. ಡೆಸ್ಕ್‌ಟಾಪ್ ಪರದೆಯ ಮೇಲೆ ಇಟ್ಟಿರುವ ಫೋಲ್ಡರ್‌ಗಳನ್ನು ಮರೆಯಬೇಡಿ, ಅವು ಸಿ ಡ್ರೈವ್‌ನಲ್ಲೇ ಇರುತ್ತವೆ. ಇಡೀ ಡ್ರೈವ್ ಒಮ್ಮೆಗೇ ಎಳೆಯದೆ ಸಣ್ಣ ಸಣ್ಣ ಫೋಲ್ಡರ್‌ಗಳಾಗಿ ಕಾಪಿ ಮಾಡಿ, ಕಟ್ ಮಾಡಬೇಡಿ. ಯಾವುದಾದರೂ ಫೈಲ್‌ನಲ್ಲಿ ನಿಂತುಹೋದರೆ ಸ್ಕಿಪ್ ಕೊಟ್ಟು ಮುಂದೆ ಹೋಗಿ. ಹಾಳಾದ ಆ ಒಂದು ಫೈಲ್ ಓದಲು ಡಿಸ್ಕ್ ಒದ್ದಾಡುವಷ್ಟು ಹೊತ್ತಿನಲ್ಲಿ ಉಳಿದ ಸಾವಿರ ಫೈಲ್ ಉಳಿಸಬಹುದು.

ಕ್ಯಾಬಿನೆಟ್ ಬಿಚ್ಚುವಾಗ ಪ್ಲಗ್ ಪೂರ್ತಿ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗ್‌ನಲ್ಲಿ ಫೇಸ್ ಬದಲು ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುವ ಮನೆಗಳಿವೆ. ಯುಪಿಎಸ್ ಇದ್ದರೆ ಅದರಿಂದಲೂ ತೆಗೆಯಿರಿ, ಗೋಡೆಯ ಕರೆಂಟ್ ಹೋದರೂ ಯುಪಿಎಸ್ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದರೆ ಮದರ್‌ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಅದು ಉಳಿದಿರಬಹುದು.

ಡಿಸ್ಕಿನಿಂದ ಟಕ್ ಟಕ್, ಕಿರ್ ಎನ್ನುವ ಸದ್ದು

ಡಿಸ್ಕ್ ಓದುವಾಗ ಬರುವ ಮೆಲು ಗರಗರ ಸದ್ದು ಸಹಜ. ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎಂದು ಬಡಿಯುತ್ತಿದ್ದರೆ, ಲೋಹ ಉಜ್ಜಿದಂತೆ ಕಿರುಗುಟ್ಟುತ್ತಿದ್ದರೆ, ತಿರುಗಲು ಹೊರಟು ನಿಂತು ಮತ್ತೆ ಹೊರಡುತ್ತಿದ್ದರೆ ಒಳಗೆ ಡೇಟಾ ಓದುವ ಹೆಡ್ ತನ್ನ ಜಾಗ ಹುಡುಕಲಾರದೆ ಹಿಂದೆಮುಂದೆ ಓಡುತ್ತಿದೆ ಅಥವಾ ಮೋಟಾರ್ ಸೋಲುತ್ತಿದೆ. ಸಾಫ್ಟ್‌ವೇರ್‌ನಿಂದ ಸರಿಹೋಗುವ ದೋಷ ಇದಲ್ಲ.

ಒಳಗಿನ ಡೇಟಾ ಮುಖ್ಯವಾಗಿದ್ದರೆ ಆ ಕ್ಷಣಕ್ಕೇ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡುವ ಆಸೆ ಬಿಡಿ. ಹೆಡ್ ಡೇಟಾ ಇರುವ ತಟ್ಟೆಯನ್ನು ಗೀರುತ್ತಿದ್ದರೆ ಪ್ರತಿ ನಿಮಿಷವೂ ವಾಪಸ್ ಬಾರದ ಡೇಟಾವನ್ನು ಕೆರೆದು ಹಾಕುತ್ತಿರುತ್ತದೆ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ, ತಟ್ಟಿದರೆ ಸರಿಹೋಗುತ್ತದೆ ಎಂಬ ಸಲಹೆಗಳು ಈಗಲೂ ಓಡಾಡುತ್ತಿವೆ. ಫ್ರೀಜರ್‌ನಿಂದ ತೆಗೆದ ಡಿಸ್ಕಿನೊಳಗೆ ತೇವ ಕೂರುತ್ತದೆ, ಅದು ಹೆಡ್‌ಗೂ ತಟ್ಟೆಗೂ ಮಾರಕ. ಮುಚ್ಚಳ ಬಿಚ್ಚುವುದಂತೂ ಬೇಡವೇ ಬೇಡ. ಡೇಟಾ ರಿಕವರಿ ಮಾಡುವವರು ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವವರೇ ಎಂದು ಕೇಳಿ, ಶುಲ್ಕವನ್ನು ಬರಹದಲ್ಲಿ ಪಡೆದು ಡಿಸ್ಕ್ ಕೊಡಿ.

ಒಂದು ವಿನಾಯಿತಿ ಇದೆ: ಕರೆಂಟ್ ಸಾಲದಿದ್ದರೂ ಡಿಸ್ಕ್ ಹೀಗೇ ಹೊರಟು ನಿಲ್ಲುತ್ತದೆ. ಅದರ ವಿಚಾರ ಕೊನೆಯಲ್ಲಿ ಬರುತ್ತದೆ. ಆದರೆ ಡೇಟಾ ಮುಖ್ಯವಿದ್ದಾಗ ಆ ಸಾಧ್ಯತೆಯನ್ನು ನಂಬಿ ಪ್ರಯೋಗಕ್ಕೆ ಇಳಿಯುವುದು ಬೇಡ.

ಆನ್ ಆಗಲು ಹತ್ತು ನಿಮಿಷ, ಫೋಲ್ಡರ್ ತೆರೆದರೆ ಹಸಿರು ಗೆರೆ ತೆವಳುತ್ತದೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಆರಿಸಿ. ಅಲ್ಲಿ ಮೂರು ಸಂಖ್ಯೆ ಒಟ್ಟಿಗೆ ನೋಡಬೇಕು: ಆಕ್ಟಿವ್ ಟೈಮ್, ಓದುವ ಬರೆಯುವ ವೇಗ, ಆವರೇಜ್ ರೆಸ್ಪಾನ್ಸ್ ಟೈಮ್.

ಆಕ್ಟಿವ್ ಟೈಮ್ 100 ಶೇಕಡಾ, ವೇಗ ಸೆಕೆಂಡಿಗೆ ಹತ್ತಾರು ಎಂಬಿ ಇದ್ದರೆ ಡಿಸ್ಕ್ ದುಡಿಯುತ್ತಿದೆ. ಪ್ರೊಸೆಸಸ್ ಪಟ್ಟಿಯಲ್ಲಿ ಡಿಸ್ಕ್ ಕಾಲಂ ಮೇಲೆ ಒತ್ತಿದರೆ ಯಾರು ದುಡಿಸುತ್ತಿದ್ದಾರೆಂದು ಕಾಣುತ್ತದೆ. ವಿಂಡೋಸ್ ಅಪ್‌ಡೇಟ್, ಆಂಟಿಮಾಲ್‌ವೇರ್, ಸರ್ಚ್ ಇಂಡೆಕ್ಸರ್ ಆಗಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ವಾರಗಟ್ಟಲೆ ಆನ್ ಮಾಡದ ಕಂಪ್ಯೂಟರ್ ಮೊದಲ ದಿನ ಹೀಗಿರುವುದು ರೋಗವಲ್ಲ. ಎರಡು ಆಂಟಿವೈರಸ್ ಹಾಕಿಕೊಂಡಿದ್ದರೆ ಒಂದನ್ನು ತೆಗೆಯಿರಿ.

ಆಕ್ಟಿವ್ ಟೈಮ್ 100 ಶೇಕಡಾ ಇದ್ದೂ ವೇಗ ಸೊನ್ನೆಯ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಎಂದರೆ ಚಿತ್ರ ಬೇರೆ. ಸರಿಯಾಗಿರುವ ಹಾರ್ಡ್ ಡಿಸ್ಕ್ ಸಾಮಾನ್ಯ ಬಳಕೆಯಲ್ಲಿ ಕೆಲವು ಹತ್ತು ಮಿಲಿಸೆಕೆಂಡ್‌ಗಳೊಳಗೆ ಉತ್ತರ ಕೊಡುತ್ತದೆ. ಉತ್ತರ ಬರಲು ಸೆಕೆಂಡುಗಳೇ ಹಿಡಿಯುತ್ತಿದ್ದರೆ ಅದು ಒಂದೇ ಸೆಕ್ಟರನ್ನು (ಡಿಸ್ಕಿನ ಒಂದು ಸಣ್ಣ ತುಂಡು ಜಾಗ) ಮತ್ತೆ ಮತ್ತೆ ಓದಲು ಹೆಣಗುತ್ತಿದೆ ಅಥವಾ ಕೇಬಲ್‌ನಲ್ಲಿ ಮಾತು ಕೆಟ್ಟುಹೋಗಿ ಮತ್ತೆ ಕೇಳುತ್ತಿದೆ. ಈ ಎರಡರಲ್ಲಿ ಯಾವುದು ಎಂದು ಹೇಳುವುದು ಸ್ಮಾರ್ಟ್ ದಾಖಲೆ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದೇ ಸ್ಮಾರ್ಟ್ (SMART). ಅದನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಇದರಲ್ಲಿ ರಾ ವ್ಯಾಲ್ಯೂ ಸಂಖ್ಯೆಗಳು ಮೊದಲಿಗೆ ಹೆಕ್ಸ್ ರೂಪದಲ್ಲಿರುತ್ತವೆ. ಫಂಕ್ಷನ್, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್‌ಗೆ ಹೋಗಿ 10 ಆರಿಸಿದರೆ ನಮ್ಮ ಸಾಮಾನ್ಯ ಎಣಿಕೆಗೆ ಬರುತ್ತವೆ. ಎಲ್ಲ ಸಾಲು ಓದಬೇಕಿಲ್ಲ, ನಾಲ್ಕು ಸಾಲು ನೋಡಿ.

05, ರೀಅಲೋಕೇಟೆಡ್ ಸೆಕ್ಟರ್ಸ್: ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳ ಲೆಕ್ಕ. ಸೊನ್ನೆ ಇರಬೇಕು. ಐದೋ ಹತ್ತೋ ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಮುಖ್ಯವಲ್ಲದ ಕೆಲಸಕ್ಕೆ ಬಳಸಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಬದಲಾಯಿಸಿ.

ಸಿ5, ಕರೆಂಟ್ ಪೆಂಡಿಂಗ್ ಸೆಕ್ಟರ್: ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳು. ನಿಧಾನಕ್ಕೆ ನೇರ ಕಾರಣ ಬಹುಪಾಲು ಇದೇ. ಸೊನ್ನೆಯಲ್ಲದ ಯಾವ ಸಂಖ್ಯೆ ಕಂಡರೂ ಆ ಜಾಗದ ಡೇಟಾ ಈಗಾಗಲೇ ಅಪಾಯದಲ್ಲಿದೆ.

ಸಿ6, ಅನ್‌ಕರೆಕ್ಟಬಲ್: ತಿದ್ದಲಾಗದ ದೋಷಗಳು. ಸಿ5 ಜೊತೆ ಇದೂ ಏರಿದ್ದರೆ ಡಿಸ್ಕ್ ಬದಲಿಸುವುದರಲ್ಲಿ ಎರಡನೇ ಯೋಚನೆ ಬೇಡ.

ಸಿ7, ಸಿಆರ್‌ಸಿ ಎರರ್ ಕೌಂಟ್: ಡಿಸ್ಕಿನಿಂದ ಮದರ್‌ಬೋರ್ಡ್‌ಗೆ ಹೋಗುವ ದಾರಿಯಲ್ಲಿ ಕೆಟ್ಟ ಡೇಟಾ. ಮೊದಲ ಮೂರು ಸೊನ್ನೆಯಾಗಿದ್ದು ಇದು ಮಾತ್ರ ನೂರಾರು ಇದ್ದರೆ ಬಹುಪಾಲು ಡಿಸ್ಕ್ ಚೆನ್ನಾಗಿದೆ, ಸಾಟಾ ಕೇಬಲ್ ಕೆಟ್ಟಿದೆ. ನೂರು ರೂಪಾಯಿ ಆಸುಪಾಸಿನ ಕೇಬಲ್‌ಗೆ ಇಡೀ ಡಿಸ್ಕ್ ಬದಲಾಯಿಸಿದವರಿದ್ದಾರೆ, ಅದಕ್ಕೇ ಈ ಸಾಲಿನ ಮೇಲೆ ಒತ್ತು ಕೊಟ್ಟು ಹೇಳಬೇಕಾಗಿದೆ. ಈ ಲೆಕ್ಕ ಎಂದೂ ಇಳಿಯುವುದಿಲ್ಲ. ಈಗಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಕೇಬಲ್ ಬದಲಿಸಿ, ವಾರ ಬಿಟ್ಟು ನೋಡಿ. ಏರದೆ ನಿಂತಿದ್ದರೆ ಕೆಲಸ ಮುಗಿಯಿತು. ಹೊಸ ಕೇಬಲ್‌ನಲ್ಲೂ ಏರುತ್ತಿದ್ದರೆ ಮದರ್‌ಬೋರ್ಡ್‌ನ ಬೇರೆ ಸಾಟಾ ಪೋರ್ಟ್‌ಗೆ ಹಾಕಿ.

ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುತ್ತದೆ. ಆ ಕಂಪನಿ ಆ ಲೆಕ್ಕ ಬರೆಯುವ ರೀತಿಯೇ ಹಾಗೆ, ಗಾಬರಿ ಬೇಡ. ಅಲ್ಲೇ ಮೇಲೆ ಉಷ್ಣತೆಯೂ ಇರುತ್ತದೆ: 45 ಡಿಗ್ರಿಯೊಳಗೆ ನೆಮ್ಮದಿ, 50 ದಾಟಿದರೆ ಗಾಳಿಯ ದಾರಿ ನೋಡಬೇಕು. ಕಂಪ್ಯೂಟರ್ ಟೇಬಲ್‌ನ ಬಾಗಿಲು ಮುಚ್ಚುವ ಗೂಡಿನಲ್ಲಿ ಕ್ಯಾಬಿನೆಟ್ ಇಟ್ಟಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಅದು ದಾಟುತ್ತದೆ.

ಸ್ಮಾರ್ಟ್ ಪೂರ್ತಿ ಸ್ವಚ್ಛ, ಕೇಬಲ್ ಸರಿ, ಆದರೂ ನಿಧಾನ ಎಂದರೆ ಜಾಗ ನೋಡಿ. ಸಿ ಡ್ರೈವ್‌ನಲ್ಲಿ ಶೇಕಡಾ 15ರಷ್ಟು ಖಾಲಿ ಇರಲಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಯಾವಾಗಲೂ ಶೇಕಡಾ 90ರ ಮೇಲಿದ್ದರೆ ತಪ್ಪು ಡಿಸ್ಕಿನದಲ್ಲ. 4 ಜಿಬಿ ರ್‍ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿದೆ. 8 ಜಿಬಿಗೆ ಏರಿಸಿದರೆ ಡಿಸ್ಕ್ ತಾನಾಗಿ ಉಸಿರಾಡುತ್ತದೆ. ದೊಡ್ಡ ಫೈಲ್ ಬರೆಯುವಾಗ ಮಾತ್ರ ಸ್ವಲ್ಪ ಹೊತ್ತಿನ ಮೇಲೆ ವೇಗ ಕುಸಿದು, ಓದುವಾಗ ಚೆನ್ನಾಗಿದ್ದರೆ ಅದು ಎಸ್‌ಎಂಆರ್ ಬಗೆಯ (ಡೇಟಾದ ಗೆರೆಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ) ಡಿಸ್ಕ್ ಇರಬಹುದು. ಅದರ ಸ್ವಭಾವವೇ ಅಷ್ಟು.

ವಿಂಡೋಸ್‌ನದೇ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಯಾವಾಗ? ಸಿ5 ಸೊನ್ನೆ ಇದ್ದಾಗ, ಡೇಟಾ ಹೊರಗೆ ಬಂದ ಮೇಲೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿದರೆ ಫೈಲ್ ವ್ಯವಸ್ಥೆಯ ಗೋಜಲು ಸರಿಹೋಗುತ್ತದೆ. ಮೇಲಿಂದ ಮೇಲೆ ಕರೆಂಟ್ ಹೋದ ಕಂಪ್ಯೂಟರ್‌ಗೆ ಇದು ಬೇಕಾಗುತ್ತದೆ. ಚೆಕ್‌ಡಿಸ್ಕನ್ನು ಕಮಾಂಡ್ ಆಗಿ ಟೈಪ್ ಮಾಡುವಾಗ ಸಿಗುವ, ಪ್ರತಿ ಸೆಕ್ಟರನ್ನೂ ಓದಿಸುವ ‘ಆರ್’ (/r) ಆಯ್ಕೆ ಮಾತ್ರ ಕೆಟ್ಟ ಡಿಸ್ಕಿಗೆ ಕೊಡಬೇಡಿ. ರಾತ್ರಿಯಿಡೀ ನಡೆದು ಬೆಳಗ್ಗೆ ಡಿಸ್ಕೇ ಕಾಣದ ಸ್ಥಿತಿಗೆ ತರಬಲ್ಲದು.

ರೀಸ್ಟಾರ್ಟ್ ಆಗುತ್ತಿದೆ: ಕರೆಂಟ್ ಕೈಕೊಟ್ಟಿತೋ, ವಿಂಡೋಸ್ ತಾನೇ ಕೈಬಿಟ್ಟಿತೋ

ಇಡೀ ಹುಡುಕಾಟ ಎತ್ತ ಸಾಗಬೇಕೆಂದು ನಿರ್ಧರಿಸುವ ಪ್ರಶ್ನೆ ಇದು. ಮೊದಲು ವಿಂಡೋಸ್ ತನ್ನ ದೋಷವನ್ನು ಮುಚ್ಚಿಡದಂತೆ ಮಾಡಿ. ಸ್ಟಾರ್ಟ್‌ನಲ್ಲಿ ‘ವ್ಯೂ ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್’ ಹುಡುಕಿ, ಸ್ಟಾರ್ಟಪ್ ಅಂಡ್ ರಿಕವರಿಯ ಸೆಟ್ಟಿಂಗ್ಸ್ ತೆರೆದು ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತು ತೆಗೆಯಿರಿ. ಮುಂದಿನ ಸಲ ವಿಂಡೋಸ್ ಕುಸಿದರೆ ದೋಷದ ಬರಹವಿರುವ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಹಾಗೇ ನಿಲ್ಲುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಗುರುತು ತೆಗೆದ ಮೇಲೂ ಪರದೆ ಯಾವ ಬರಹವೂ ಇಲ್ಲದೆ ಫಕ್ಕನೆ ಕಪ್ಪಾಗಿ ರೀಸ್ಟಾರ್ಟ್ ಆದರೆ ದೋಷ ಬಹುಪಾಲು ಕರೆಂಟ್, ಎಸ್‌ಎಂಪಿಎಸ್, ಬಿಸಿ ಅಥವಾ ಮದರ್‌ಬೋರ್ಡ್‌ನಲ್ಲಿದೆ.

ನಂತರ ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಂ ನೋಡಿ. ರೀಸ್ಟಾರ್ಟ್ ಆದ ಹೊತ್ತಿಗೆ ಕರ್ನಲ್-ಪವರ್ 41 ಎಂಬ ಕೆಂಪು ಗುರುತಿನ ದಾಖಲೆ ಇರುತ್ತದೆ. ಇದರ ಅರ್ಥ ‘ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಎಂಬುದಷ್ಟೇ. ಇದನ್ನು ಕಂಡ ಕೂಡಲೇ ಎಸ್‌ಎಂಪಿಎಸ್ ಬದಲಿಸಲು ಹೊರಡಬೇಡಿ. ಡೀಟೇಲ್ಸ್ ಒತ್ತಿ ಬಗ್‌ಚೆಕ್‌ಕೋಡ್ (ವಿಂಡೋಸ್ ಕುಸಿದ ಕಾರಣದ ಸಂಖ್ಯೆ) ನೋಡಿ. ಸೊನ್ನೆ ಇದ್ದರೆ ವಿಂಡೋಸ್‌ಗೆ ಏನಾಯಿತೆಂದು ಬರೆದುಕೊಳ್ಳುವಷ್ಟೂ ಸಮಯ ಸಿಕ್ಕಿಲ್ಲ, ಕರೆಂಟ್ ತಪ್ಪಿದೆ ಅಥವಾ ಯಂತ್ರ ಪೂರ್ತಿ ಹಿಡಿದು ನಿಂತಿದೆ. ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಸೊನ್ನೆ ಅಲ್ಲದಿದ್ದರೆ ಯಾರೋ ಬಟನ್ ಒತ್ತಿಹಿಡಿದು ಆಫ್ ಮಾಡಿದ್ದಾರೆ.

ಬಗ್‌ಚೆಕ್‌ಕೋಡ್‌ನಲ್ಲಿ ಸಂಖ್ಯೆ ಇದ್ದರೆ ಅದು ದಾರಿ ತೋರಿಸುತ್ತದೆ. 122 ಎಂದರೆ ಡಿಸ್ಕಿನಿಂದ ಓದಬೇಕಿದ್ದ ಮೆಮೊರಿ ಪುಟ ಸಿಗಲಿಲ್ಲ. ಡಿಸ್ಕ್, ಅದರ ಕೇಬಲ್ ಮೊದಲ ಶಂಕಿತರು. 239 ಎಂದರೆ ವಿಂಡೋಸ್‌ನ ಜೀವಾಳವಾದ ಪ್ರೋಗ್ರಾಂ ಸತ್ತಿದೆ, ನಿಧಾನ ಡಿಸ್ಕ್ ಜೊತೆಗಿದ್ದರೆ ಇದೂ ಡಿಸ್ಕಿನ ಕಡೆಯೇ ಕೈ ತೋರಿಸುತ್ತದೆ. 26 ಅಥವಾ 80 ಬಂದರೆ ರ್‍ಯಾಮ್ ನೋಡಿ. 292 ಎಂದರೆ ಪ್ರೊಸೆಸರ್ ತಾನೇ ಹಾರ್ಡ್‌ವೇರ್ ದೋಷ ವರದಿ ಮಾಡಿದೆ: ಬಿಸಿ, ವೋಲ್ಟೇಜ್, ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು).

ಅದೇ ಪಟ್ಟಿಯಲ್ಲಿ 41ಕ್ಕೆ ಕೆಲ ನಿಮಿಷ ಮೊದಲು ಏನಿದೆ ನೋಡಿ. ಡಿಸ್ಕ್ ಹೆಸರಿನಲ್ಲಿ 7 ಇದ್ದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ. 153 ಇದ್ದರೆ ಓದುವ ಕೆಲಸ ಮತ್ತೆ ಮಾಡಬೇಕಾಗಿ ಬಂದಿದೆ. ಸ್ಟೋರ್‌ಎಹೆಚ್‌ಸಿಐ ಹೆಸರಿನಲ್ಲಿ 129 ಇದ್ದರೆ ಡಿಸ್ಕ್ ಉತ್ತರ ಕೊಡದೆ ಅದನ್ನು ರೀಸೆಟ್ ಮಾಡಬೇಕಾಗಿದೆ. 1074 ಇದ್ದರೆ ಅದು ದೋಷವೇ ಅಲ್ಲ: ಅಪ್‌ಡೇಟ್‌ಗಾಗಿಯೋ ಯಾವುದೋ ಪ್ರೋಗ್ರಾಂ ಕೇಳಿದ್ದರಿಂದಲೋ ವಿಂಡೋಸ್ ಕ್ರಮಬದ್ಧವಾಗಿ ರೀಸ್ಟಾರ್ಟ್ ಆಗಿದೆ. ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಹೊಂದಿಸಿದರೆ ಕೆಲಸದ ಹೊತ್ತಿನಲ್ಲಿ ಹಾಗಾಗದು.

ಸಂಪ್ ಮೋಟಾರ್ ಹಾಕಿದಾಗ, ಕರೆಂಟ್ ಹೋಗಿ ಬಂದಾಗ ರೀಸ್ಟಾರ್ಟ್

ಬಗ್‌ಚೆಕ್‌ಕೋಡ್ ಸೊನ್ನೆ ಇದ್ದು, ರೀಸ್ಟಾರ್ಟ್ ಆದ ಹೊತ್ತು ಮನೆಯ ಬೇರೆ ಸಲಕರಣೆಗೆ ತಾಳೆಯಾದರೆ ಕಂಪ್ಯೂಟರ್ ಬಿಚ್ಚುವ ಮೊದಲು ಕರೆಂಟ್ ನೋಡಿ. ಮೋಟಾರ್ ಹೊರಡುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ನೀರೆತ್ತುವ ಮೋಟಾರ್, ಫ್ರಿಜ್, ವಾಷಿಂಗ್ ಮಷೀನ್ ಯಾವುದಾದರೂ ಹೊರಟಾಗ ದೀಪ ಒಮ್ಮೆ ಮಂಕಾದರೆ ವೋಲ್ಟೇಜ್ ಕುಸಿಯುತ್ತಿದೆ ಎಂದೇ ಅರ್ಥ. ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಭಾರದಲ್ಲೂ ಸುಮಾರು 16 ಮಿಲಿಸೆಕೆಂಡ್ ಕರೆಂಟ್ ಇಲ್ಲದೆ ತಡೆದುಕೊಳ್ಳಬೇಕು. ಹಳತಾದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಒಣಗಿ ಈ ತಾಳಿಕೆ ಇಳಿಯುತ್ತದೆ. ಅದಕ್ಕೇ ಹಿಂದೆಂದೂ ಆಗದ ರೀಸ್ಟಾರ್ಟ್ ಆರೇಳು ವರ್ಷದ ಕಂಪ್ಯೂಟರ್‌ನಲ್ಲಿ ಇದ್ದಕ್ಕಿದ್ದಂತೆ ಶುರುವಾಗುತ್ತದೆ.

ಮೊದಲ ಪರೀಕ್ಷೆ ಎಕ್ಸ್‌ಟೆನ್ಷನ್ ಬೋರ್ಡ್. ಕಂಪ್ಯೂಟರನ್ನು ಒಂದು ದಿನ ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಪ್ಲಗ್ ಬಿಸಿಯಾಗುವುದು, ಸಾಕೆಟ್‌ನ ತೂತು ಕಂದು ಬಣ್ಣಕ್ಕೆ ತಿರುಗಿರುವುದು, ಚಿರ್ ಎಂಬ ಸದ್ದು, ಸುಟ್ಟ ವಾಸನೆ ಇವುಗಳಲ್ಲಿ ಒಂದಿದ್ದರೂ ಆ ಸಾಕೆಟ್ ಬಳಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಕ್ಯಾಬಿನೆಟ್ ಹಿಂದಿನ ಕೇಬಲ್ ಸಡಿಲ ಕೂರುತ್ತಿದ್ದರೆ ಬೇರೆ ಪವರ್ ಕೇಬಲ್ ಹಾಕಿ ನೋಡಿ, ಮಾನಿಟರ್‌ನದ್ದೇ ಬಹುಪಾಲು ಹೊಂದುತ್ತದೆ.

ಎರಡನೆಯದು ಮನೆಗೆಲ್ಲ ಹಾಕಿಸಿರುವ ಬ್ಯಾಟರಿ ಇನ್ವರ್ಟರ್. ಅನೇಕ ಇನ್ವರ್ಟರ್‌ಗಳ ಹಿಂದೆ ಯುಪಿಎಸ್, ನಾರ್ಮಲ್ ಎಂದು ಬದಲಿಸುವ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಹೆಚ್ಚು; ಫ್ಯಾನು, ದೀಪಕ್ಕೆ ತೊಂದರೆಯಿಲ್ಲ, ಕಂಪ್ಯೂಟರ್ ಮಾತ್ರ ಬೀಳುತ್ತದೆ. ಯುಪಿಎಸ್ ಕಡೆಗೆ ತಿರುಗಿಸಿದರೆ ಎಷ್ಟೋ ಮನೆಗಳಲ್ಲಿ ಇಡೀ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದು ಟೇಬಲ್ ಕೆಳಗಿನ ಸಣ್ಣ ಯುಪಿಎಸ್. ಇದರಲ್ಲಿರುವ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಪರೀಕ್ಷೆ ಸುಲಭ: ಕಂಪ್ಯೂಟರ್ ತೆಗೆದು ಅದೇ ಜಾಗಕ್ಕೆ ಟೇಬಲ್ ಲ್ಯಾಂಪ್ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ದೀಪ ಕೂಡಲೇ ಆರಿದರೆ ಬ್ಯಾಟರಿ ಮುಗಿದಿದೆ. ಹೀಗಾದಾಗ ಯುಪಿಎಸ್ ಇರುವುದೇ ಕೇಡು, ಏಕೆಂದರೆ ವೋಲ್ಟೇಜ್ ಸ್ವಲ್ಪ ಕುಸಿದರೂ ಅದು ಸತ್ತ ಬ್ಯಾಟರಿಗೆ ಬದಲಾಗಿ ಕಂಪ್ಯೂಟರನ್ನು ಬೀಳಿಸುತ್ತದೆ. ಬ್ಯಾಟರಿ ಉಬ್ಬಿದ್ದರೆ ಕೀಳಲು ಹೋಗದೆ ಯುಪಿಎಸ್ ಸಮೇತ ಅಂಗಡಿಗೆ ಒಯ್ಯಿರಿ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಹಾಕಲೇಬೇಡಿ.

ಒಂದು ಕೋಣೆಯ ದೀಪ ಅತಿಯಾಗಿ ಉರಿದು ಇನ್ನೊಂದರದು ಮಂಕಾಗುತ್ತಿದ್ದರೆ, ಫ್ಯಾನ್ ಇದ್ದಕ್ಕಿದ್ದಂತೆ ಜೋರಾದರೆ ನ್ಯೂಟ್ರಲ್ ಸಡಿಲವಾಗಿರಬಹುದು. ಆಗ 230 ವೋಲ್ಟ್ ಬರಬೇಕಾದಲ್ಲಿ ಅದಕ್ಕಿಂತ ಬಹಳ ಹೆಚ್ಚು ಬರುತ್ತದೆ, ಮನೆಯ ಸಲಕರಣೆಗಳೆಲ್ಲ ಸುಡಬಹುದು. ತಕ್ಷಣ ಮೇನ್ ಆಫ್ ಮಾಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಸ್ಕ್ರೂ ಮುಟ್ಟಿದಾಗ ಜುಮ್ ಎಂದರೆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಅಲ್ಪ ಕರೆಂಟ್ ಅರ್ಥ್‌ಗೆ ಹೋಗಬೇಕಿತ್ತು, ದಾರಿಯಿಲ್ಲದೆ ಲೋಹದ ಮೈಮೇಲೆ ಸಪ್ಲೈಯ ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಆ ಅಲ್ಪ ಸೋರಿಕೆ ಸಾಮಾನ್ಯವಾಗಿ ಜೀವಕ್ಕೆ ಅಪಾಯ ತರುವಷ್ಟಿರುವುದಿಲ್ಲ. ಆದರೆ ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ಕಾಪಾಡಲು ಏನೂ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಕತ್ತರಿಸಿದ, ಎರಡು ಪಿನ್ ಅಡಾಪ್ಟರ್ ಹಾಕಿದ ಕಡೆ ಇದು ಮಾಮೂಲು. ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಸರಿಮಾಡಿಸುವ ತನಕ ಬೇರೆ ಪರೀಕ್ಷೆ ನಿಲ್ಲಿಸಿ.

ಗೇಮ್, ವಿಡಿಯೊ ಎಡಿಟಿಂಗ್ ಶುರುವಾದ ಸ್ವಲ್ಪ ಹೊತ್ತಿಗೆ ಆಫ್

ಹತ್ತು ಹದಿನೈದು ನಿಮಿಷ ಓಡಿ, ಫ್ಯಾನ್ ಅರಚಿ, ಆಮೇಲೆ ಆಫ್ ಆದರೆ ಕಾರಣ ಬಿಸಿ. ಭಾರದ ಕೆಲಸ ಶುರುವಾದ ಕ್ಷಣಕ್ಕೇ ಆಫ್ ಆದರೆ ಕಾರಣ ಎಸ್‌ಎಂಪಿಎಸ್.

ಎಚ್‌ಡಬ್ಲ್ಯೂಇನ್ಫೊದಂಥ ಉಚಿತ ಸಾಫ್ಟ್‌ವೇರ್ ತೆರೆದಿಟ್ಟು ಭಾರದ ಕೆಲಸ ಮಾಡಿ. ಪ್ರೊಸೆಸರ್ 80 ಡಿಗ್ರಿಯೊಳಗಿದ್ದರೆ ಸರಿ, 95ರಿಂದ 100ರ ನಡುವೆ ಆಡುತ್ತಿದ್ದರೆ ಅದೇ ಕಾರಣ. ಎಲ್ಲೆಲ್ಲೂ ಕಟ್ಟಡ, ರಸ್ತೆ ಕೆಲಸ ನಡೆಯುವ ಬೆಂಗಳೂರಿನಲ್ಲಿ ಕೂಲರ್‌ನ ರೆಕ್ಕೆಗಳ ನಡುವೆ ಧೂಳು ವರ್ಷದೊಳಗೆ ಕಂಬಳಿಯಂತೆ ಕೂರುತ್ತದೆ. ಪ್ಲಗ್ ಕಿತ್ತು, ಬಾಲ್ಕನಿಗೆ ಒಯ್ದು, ಒಣ ಪೇಂಟ್ ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಿರಿ. ಬ್ಲೋವರ್ ಹಿಡಿದಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ಒದ್ದೆ ಬಟ್ಟೆ ಬೇಡ. ಇಂಟೆಲ್‌ನ ಪೆಟ್ಟಿಗೆಯೊಡನೆ ಬರುವ ಕೂಲರ್‌ಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಕಾಲಿರುತ್ತವೆ. ಅವುಗಳಲ್ಲಿ ಒಂದು ಮೇಲೆದ್ದಿದ್ದರೂ ಕೂಲರ್ ಓರೆಯಾಗಿ ಬಿಸಿ ಏರುತ್ತದೆ; ನಾಲ್ಕನ್ನೂ ಮೆಲ್ಲನೆ ಅಲುಗಿಸಿ ನೋಡಿ. ಕೂಲರ್ ಕಿತ್ತರೆ ಹಳೆ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಹೆಸರುಕಾಳಿನಷ್ಟು ಹೊಸದು ನಡುವೆ ಇಟ್ಟೇ ಕೂರಿಸಬೇಕು.

ಬಿಸಿ ಇಲ್ಲದಿದ್ದರೆ ವೋಲ್ಟೇಜ್ ನೋಡಿ. ಬಯೋಸ್‌ನ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪರದೆ) ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ 12 ವೋಲ್ಟ್‌ನದ್ದು 11.4ರಿಂದ 12.6ರ ನಡುವೆ, 5 ವೋಲ್ಟ್‌ನದ್ದು 4.75ರಿಂದ 5.25ರ ನಡುವೆ ಇರಬೇಕು. ಆದರೆ ಬಯೋಸ್‌ನಲ್ಲಿ ಭಾರವೇ ಇರುವುದಿಲ್ಲ, ಹಾಗಾಗಿ ಅಲ್ಲಿ ಸರಿ ಕಂಡರೆ ಎಸ್‌ಎಂಪಿಎಸ್ ಸರಿಯಿದೆ ಎಂದು ತೀರ್ಮಾನಿಸಲಾಗದು. ಎಸ್‌ಎಂಪಿಎಸ್‌ನ ಹಸಿರು ವೈರನ್ನು ಕಪ್ಪಿಗೆ ಮುಟ್ಟಿಸಿ ಅದರ ಫ್ಯಾನ್ ತಿರುಗಿತು ಎಂಬ ಪರೀಕ್ಷೆಗೂ ಇದೇ ಕೊರತೆ. ನಂಬಬಹುದಾದ ಪರೀಕ್ಷೆ ಒಂದೇ: ಸರಿಯಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಎರಡು ದಿನ ಓಡಿಸುವುದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್‌ನ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ನಂಬಬೇಡಿ. ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಎಷ್ಟಿದೆಯೋ ಅದನ್ನು 12ರಿಂದ ಗುಣಿಸಿದರೆ ನಿಜವಾಗಿ ಕೈಗೆ ಸಿಗುವ ಶಕ್ತಿಯ ಅಂದಾಜು ಬರುತ್ತದೆ.

ಹೊತ್ತುಗೊತ್ತಿಲ್ಲದೆ ನೀಲಿ ಪರದೆ, ಪ್ರತಿ ಸಲ ಬೇರೆ ಕೋಡ್

ಕೋಡ್ ಪ್ರತಿ ಸಲ ಬದಲಾಗುತ್ತಿದ್ದರೆ ರ್‍ಯಾಮ್ ಮೊದಲು. ರ್‍ಯಾಮ್ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರ್‌ನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ ಕೂರುವವರೆಗೆ ಒತ್ತಿ. ಎರಡಿದ್ದರೆ ಒಂದೊಂದೇ ಹಾಕಿ ಓಡಿಸಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಬಿಡಿ. ಒಂದೇ ಒಂದು ಎರರ್ ಬಂದರೂ ಆ ರ್‍ಯಾಮ್ ಕೆಟ್ಟಿದೆ. ಸ್ವಲ್ಪವೇ ಅಲ್ಲವೇ ಎಂದು ಉಳಿಸಿಕೊಂಡರೆ ಅದು ಸದ್ದಿಲ್ಲದೆ ಫೈಲ್‌ಗಳನ್ನು ಕೆಡಿಸುತ್ತಾ ಹೋಗುತ್ತದೆ.

ನಿಧಾನ, ರೀಸ್ಟಾರ್ಟ್ ಎರಡೂ ಒಂದೇ ವಾರದಲ್ಲಿ ಶುರುವಾಯಿತು

ಹೀಗಾದಾಗ ಒಂದರಿಂದ ಇನ್ನೊಂದು ಹುಟ್ಟಿರುವ ಸಂಭವ ಹೆಚ್ಚು, ಮತ್ತು ಅದು ಎರಡು ದಿಕ್ಕಿನಲ್ಲೂ ನಡೆಯುತ್ತದೆ. ಡಿಸ್ಕ್ ಕೆಟ್ಟು ವಿಂಡೋಸ್‌ಗೆ ಬೇಕಾದ ಫೈಲ್ ಸಿಗದೆ ಕುಸಿಯಬಹುದು. ಇಲ್ಲವೇ ಎಸ್‌ಎಂಪಿಎಸ್ ಸೋತು 12 ವೋಲ್ಟ್ ಕುಸಿದಾಗ ಡಿಸ್ಕಿನ ಮೋಟಾರ್ ವೇಗ ತಪ್ಪಿ, ಓದು ನಿಂತು, ಮತ್ತೆ ಹೊರಟು ನಿಧಾನ ಕಾಣಬಹುದು. ಇನ್ನೂ ಕುಸಿದರೆ ಇಡೀ ಕಂಪ್ಯೂಟರ್ ರೀಸ್ಟಾರ್ಟ್. ಹೀಗೆ ಪದೇಪದೇ ಕರೆಂಟ್ ತಪ್ಪಿದರೆ ಬರೆಯುತ್ತಿದ್ದ ಸೆಕ್ಟರ್ ಅರ್ಧಕ್ಕೆ ನಿಂತು, ಚೆನ್ನಾಗಿದ್ದ ಡಿಸ್ಕಿನಲ್ಲೂ ಸಿ5 ಏರಬಹುದು. ಆಗ ಡಿಸ್ಕ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಬೇರ್ಪಡಿಸುವ ವಿಧಾನ ಇದು. ಹಾರ್ಡ್ ಡಿಸ್ಕ್ ಇಲ್ಲದೆಯೇ ಕಂಪ್ಯೂಟರ್ ಓಡಿಸಬಲ್ಲ ಲಿನಕ್ಸ್ ಲೈವ್ ಪೆನ್‌ಡ್ರೈವ್ ಸಿದ್ಧಮಾಡಿಕೊಳ್ಳಿ, ಉಬುಂಟು ಅಥವಾ ಮಿಂಟ್ ಯಾವುದಾದರೂ ಆದೀತು. ಕಂಪ್ಯೂಟರ್ ಪ್ಲಗ್ ಕಿತ್ತು ಹಾರ್ಡ್ ಡಿಸ್ಕಿನ ಡೇಟಾ ಕೇಬಲ್, ಪವರ್ ಕೇಬಲ್ ಎರಡನ್ನೂ ತೆಗೆಯಿರಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮೂರು ನಾಲ್ಕು ಗಂಟೆ ವಿಡಿಯೊ ಓಡಿಸಿ. ಆಗಲೂ ರೀಸ್ಟಾರ್ಟ್ ಆದರೆ ಡಿಸ್ಕ್ ನಿರಪರಾಧಿ: ಎಸ್‌ಎಂಪಿಎಸ್, ರ್‍ಯಾಮ್, ಬಿಸಿ, ಮದರ್‌ಬೋರ್ಡ್ ಉಳಿದವು. ರೀಸ್ಟಾರ್ಟ್ ಆಗದಿದ್ದರೆ ಡಿಸ್ಕಿಗೆ ಪವರ್ ಕೇಬಲ್ ಮಾತ್ರ ಕೊಟ್ಟು ಇನ್ನೊಮ್ಮೆ ಓಡಿಸಿ. ಡಿಸ್ಕ್ ಕರೆಂಟ್ ಎಳೆದ ಮಾತ್ರಕ್ಕೆ ಬಿದ್ದರೆ ಎಸ್‌ಎಂಪಿಎಸ್ ತೀರಾ ಸೋತಿದೆ ಅಥವಾ ಡಿಸ್ಕಿನ ಸರ್ಕ್ಯೂಟ್‌ನಲ್ಲಿ ಶಾರ್ಟ್ ಇದೆ.

ಬಿಚ್ಚಿದಾಗಲೇ ಡಿಸ್ಕಿನ ಪವರ್ ಕನೆಕ್ಟರ್ ನೋಡಿ. ನಾಲ್ಕು ಪಿನ್ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಚ್ಚಿನ ಅಡಾಪ್ಟರ್ ಇದ್ದರೆ ತೆಗೆದುಬಿಡಿ. ಅವುಗಳೊಳಗೆ ವೈರ್‌ಗಳು ಒಂದಕ್ಕೊಂದು ತಗುಲಿ ಕರಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು.

ಅಂಗಡಿಗೆ ಒಯ್ಯುವಾಗ

ಲಕ್ಷಣ ಯಾವಾಗ ಬರುತ್ತದೆ, ಬಗ್‌ಚೆಕ್‌ಕೋಡ್ ಎಷ್ಟು, 05, ಸಿ5, ಸಿ7ರ ಸಂಖ್ಯೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ‘ಸ್ಲೋ ಆಗಿದೆ’ ಎಂದಷ್ಟೇ ಹೇಳಿದರೆ ಸಿಗುವುದು ಫಾರ್ಮ್ಯಾಟ್. ಡಿಸ್ಕ್, ರ್‍ಯಾಮ್‌ಗಳ ಸೀರಿಯಲ್ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಕಪ್ ಆಗಿದೆಯೇ ಎಂಬುದನ್ನು ನೀವೇ ಇನ್ನೊಂದು ಕಂಪ್ಯೂಟರ್‌ನಲ್ಲಿ ಫೈಲ್ ತೆರೆದು ಖಚಿತಪಡಿಸಿಕೊಂಡ ಮೇಲೆ ಮನೆ ಬಿಡಿ.

ವಿಂಡೋಸ್ ಇರುವ ಡಿಸ್ಕ್ ಬದಲಿಸುವುದಾದರೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ ಚಿಕ್ಕ ಚಿಕ್ಕ ಫೈಲ್ ಹುಡುಕುವಾಗ ಹಾರ್ಡ್ ಡಿಸ್ಕ್ ಅದರ ಹತ್ತಿರಕ್ಕೂ ಬರಲಾರದು. ಕೆಟ್ಟ ಡಿಸ್ಕಿನಿಂದ ಕ್ಲೋನ್ (ಇಡೀ ಡಿಸ್ಕಿನ ಯಥಾಪ್ರತಿ) ಮಾಡಬೇಡಿ, ಕೆಟ್ಟ ಸೆಕ್ಟರ್ ಬಳಿ ನಿಲ್ಲುತ್ತದೆ ಅಥವಾ ಹಾಳಾದ ಫೈಲ್‌ಗಳೂ ಜೊತೆಗೆ ಬರುತ್ತವೆ. ಹೊಸದಾಗಿ ವಿಂಡೋಸ್ ಹಾಕಿ ಡೇಟಾ ಮಾತ್ರ ತಂದುಕೊಳ್ಳಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ದುಡ್ಡು ಹಾಕುವ ಮೊದಲು ನಿಮ್ಮ ಪ್ರೊಸೆಸರ್ 11ಕ್ಕೆ ಹೊಂದುತ್ತದೆಯೇ ನೋಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಹಾರ್ಡ್ ಡಿಸ್ಕ್‌ಗಳಲ್ಲಿ ಬಳಸಿ ತೆಗೆದವೂ ಇರುತ್ತವೆ. ಹೊಸದೆಂದು ಕೊಂಡಿದ್ದರೆ ಅಂಗಡಿಯಲ್ಲೇ ಹಾಕಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಪವರ್ ಆನ್ ಅವರ್ಸ್ ನೋಡಿ: ಹೊಸತಾದರೆ ಸೊನ್ನೆಯ ಆಸುಪಾಸು ಇರಬೇಕು. ಈ ಲೆಕ್ಕವನ್ನು ಅಳಿಸಿ ಮಾರುವವರೂ ಇರುವುದರಿಂದ ಕನೆಕ್ಟರ್‌ನ ಪಿನ್‌ಗಳಲ್ಲಿ ಗೀರು, ಸ್ಕ್ರೂ ತೂತುಗಳಲ್ಲಿ ತಿರುಪಿದ ಗುರುತು ಇದೆಯೇ ಎಂದೂ ನೋಡಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಎಷ್ಟು ದಿನ ಎಂಬುದನ್ನು ಕಂಪನಿಯ ಜಾಲತಾಣದಲ್ಲಿ ಅದೇ ನಂಬರ್ ಹಾಕಿ ಅಲ್ಲೇ ನಿಂತು ಪರೀಕ್ಷಿಸಿ. ತೆಗೆದ ಹಳೆ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಕೇಳಿ ಪಡೆಯಿರಿ. ಓದಲು ಬಾರದಂತೆ ಕೆಟ್ಟಿದೆ ಎಂದು ಕಂಡರೂ ಅದರಲ್ಲಿ ಮನೆಯವರ ಆಧಾರ್, ಬ್ಯಾಂಕ್ ಕಾಗದಗಳ ಪ್ರತಿ ಇನ್ನೂ ಇರಬಹುದು.